ಕೋವಿ ಯಾರ ಕೈಗೆ?

'ಮನೆ ಕಾಯೋಕೆ ಯಾವ ಪಿಸ್ತೂಲು ಒಳ್ಳೇದು? ಸೊಂಟದಲ್ಲಿ ಇಟ್ಟುಕೊಂಡು ಓಡಾಡೋಕೆ ಯಾವುದು ಹಗುರ?' ನಮ್ಮ ಶ್ರೀರಾಂಪುರದಂಥ ಬಡಾವಣೆಯಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಕಬ್ಬಿಣದ ಗೇಟು, ಗೇಟಿನ ಮೇಲೆ ನಾಯಿ ಇದೆ ಅನ್ನೋ ಬೋರ್ಡು, ಮೂಲೆಗೊಂದು ಕ್ಯಾಮೆರಾ. ಇಷ್ಟೆಲ್ಲ ಇದ್ದರೂ ನಿದ್ದೆ ಬಾರದವರು ಕೇಳುವ ಮಾತು ಇದು. ಕೇಳಲಿ, ತಪ್ಪೇನಿಲ್ಲ. ಪ್ರಾಣ ಎಲ್ಲರಿಗೂ ಒಂದೇ. ಆದರೆ ಯಾವುದನ್ನು ಆರಿಸಲಿ ಅನ್ನುವುದು ಆರಿಸಲು ಅವಕಾಶ ಇದ್ದವನ ಪ್ರಶ್ನೆ. ಅದಕ್ಕಿಂತ ಹಿಂದಿನದು ಇನ್ನೊಂದಿದೆ. ಈ ನೆಲದಲ್ಲಿ ಆಯುಧ ಯಾರ ಕೈಯಲ್ಲಿರಬೇಕು, ಯಾರ ಕೈಯಲ್ಲಿ ಇರಕೂಡದು ಅಂತ ತೀರ್ಮಾನ ಮಾಡಿದವರು ಯಾರು? ಅದರ ಚರಿತ್ರೆ ನೋಡದೆ ಪಿಸ್ತೂಲಿನ ತೂಕ ನೋಡಿ ಏನು ಬಂತು?

ಊರು ಕಾದವರು ಯಾರು ಅಂತ ಮೊದಲು ಕೇಳೋಣ. ಹಳೆಯ ಆಯಗಾರರ ಪಟ್ಟಿ ತೆಗೆದು ನೋಡಿ, ಅಲ್ಲಿ ತೋಟಿ ಇದ್ದಾನೆ, ತಳವಾರ ಇದ್ದಾನೆ. ಊರಿನ ಎಲ್ಲೆ, ಹೊಲದ ಪೈರು, ಕಣದ ರಾಶಿ, ಕಂದಾಯದ ಗಂಟು, ಇವನ್ನೆಲ್ಲ ರಾತ್ರಿಯಿಡೀ ಕಾದವರು ಇವರೇ. ತೋಟಿಯಾಗಿ ಕಾದವರಲ್ಲಿ ಬಹುಪಾಲು ಹೊಲಗೇರಿಯವರು. ಅವರ ಕೈಯಲ್ಲಿ ಇದ್ದದ್ದು ಒಂದು ಕೋಲು, ಒಂದು ಕಂಬಳಿ. ಕಾಯೋದು ಊರನ್ನ, ಬಾಳೋದು ಊರಾಚೆ. ನನ್ನ ತಾತನೂ ಹಾಗೆ ಕಾದವನೇ. ಕಣದಲ್ಲಿ ಒಂದು ಮೊರ ಕಾಳು ಕಡಿಮೆ ಆದರೆ ಮೊದಲು ಏಟು ಬೀಳುತ್ತಿದ್ದದ್ದು ಕಾದವನ ಬೆನ್ನಿಗೆ. ಇವತ್ತು ಬ್ಯಾಂಕಿನ ಮುಂದೆ ಒಂಟಿನಳಿಗೆ ಕೋವಿ ಹಿಡಿದು ನಿಂತವನನ್ನು, ಎ.ಟಿ.ಎಂ. ಬಾಗಿಲಲ್ಲಿ ಬರಿಗೈಯಲ್ಲಿ ತೂಕಡಿಸುವವನನ್ನು ನೋಡಿದಾಗ ನನಗೆ ಅದೇ ತೋಟಿ ಕಾಣುತ್ತಾನೆ. ಬಡವನ ಕೈಗೆ ಆಯುಧ ಬಂದರೆ ಅದು ಇನ್ನೊಬ್ಬರ ಗಂಟು ಕಾಯೋಕೆ.

ಶಾಸ್ತ್ರ ಇದನ್ನು ಮುಚ್ಚಿಟ್ಟು ಹೇಳಿಲ್ಲ. ಧರ್ಮಕ್ಕೆ ಅಡ್ಡಿ ಬಂದಾಗ ದ್ವಿಜರು ಶಸ್ತ್ರ ಹಿಡಿಯಬಹುದು ಅಂತ ಮನುಸ್ಮೃತಿ ನೇರವಾಗೇ ಹೇಳುತ್ತದೆ. ಉಳಿದವರು ಏನು ಹಿಡಿಯಬೇಕು? ನೇಗಿಲು, ಪೊರಕೆ, ಸತ್ತ ದನದ ಕಾಲು. ಏಕಲವ್ಯನ ಹೆಬ್ಬೆರಳು ಈ ದೇಶದ ಮೊಟ್ಟಮೊದಲ ಆಯುಧ ಜಪ್ತಿ ಅಂತ ನಾನಂತೂ ತಿಳಿದಿದ್ದೇನೆ. ಬಿಲ್ಲನ್ನು ಕಿತ್ತುಕೊಳ್ಳಲಿಲ್ಲ, ಬಿಲ್ಲು ಹಿಡಿಯುವ ಬೆರಳನ್ನೇ ತೆಗೆದುಕೊಂಡರು.

ಬ್ರಿಟಿಷರು ಬಂದ ಮೇಲೆ ಇದೇ ಕೆಲಸ ಕಾಗದದ ಮೇಲೆ ನಡೆಯಿತು. ೧೮೫೭ರ ದಂಗೆಯ ಬಿಸಿಗೆ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದಿತು. ಕತ್ತಿ, ಕೋವಿ ಎಲ್ಲ ತಂದು ಒಪ್ಪಿಸಿ, ನೋಂದಣಿ ಮಾಡಿಸಿ ಅಂತ ಡಂಗುರ. ಮುಧೋಳ ಸಂಸ್ಥಾನದ ಹಲಗಲಿ ಅನ್ನೋ ಹಳ್ಳಿಯ ಬೇಡರು, 'ಕೊಡಲ್ಲ' ಅಂದರು. ಬೇಟೆ ಅವರ ಅನ್ನ, ಆಯುಧ ಅವರ ಮಾನ. ಆ ವರ್ಷ ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ದಂಡು ಬಂದು ಹಳ್ಳಿಗೆ ಬೆಂಕಿ ಇಟ್ಟಿತು. ಸಿಕ್ಕಿದವರನ್ನು ಕೊಂದರು, ಸೆರೆ ಹಿಡಿದವರಲ್ಲಿ ಹಲವರನ್ನು ಗಲ್ಲಿಗೆ ಹಾಕಿದರು. ಲಾವಣಿಕಾರರು ಆ ಕತೆ ಹಾಡಿದ್ದರಿಂದ, ಫ್ಲೀಟ್ ಅನ್ನೋ ಬಿಳಿಯ ಅಧಿಕಾರಿ ಅದನ್ನು ಬರೆದಿಟ್ಟುಕೊಂಡದ್ದರಿಂದ ಅದು ಇವತ್ತಿಗೂ ನಮಗೆ ಗೊತ್ತಿದೆ. ಹಾಡು ಕಟ್ಟುವವರಿಲ್ಲದ ಎಷ್ಟು ಹಲಗಲಿಗಳು ಸುಟ್ಟುಹೋದವೋ!

ಇದಾಗಿ ನಾಲ್ಕೇ ವರ್ಷ. ೧೮೬೧ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಇನ್ನೊಂದು ಆಜ್ಞೆ ಹೊರಡಿಸಿದ. ಕೊಡವರು ನಿಷ್ಠರು, ಶೂರರು, ಆದ್ದರಿಂದ ಅವರಿಗೆ ನಿಶ್ಶಸ್ತ್ರೀಕರಣದ ಕಾಯಿದೆ ಅನ್ವಯಿಸದು ಅಂತ. ಹಲಗಲಿಯ ಬೇಡನೂ ಶೂರನೇ. ಆದರೆ ಅವನ ಶೌರ್ಯ ಸರ್ಕಾರದ ಎದುರಿಗಿತ್ತು, ಅದಕ್ಕೆ ಹಗ್ಗ ಸಿಕ್ಕಿತು. ಸರ್ಕಾರದ ಪಕ್ಕ ನಿಂತ ಶೌರ್ಯಕ್ಕೆ ವಿನಾಯಿತಿ ಸಿಕ್ಕಿತು. ೧೮೭೮ರಲ್ಲಿ ವೈಸರಾಯ್ ಲಿಟ್ಟನ್‌ನ ಕಾಲದಲ್ಲಿ ಬಂದ ಆಯುಧ ಕಾಯಿದೆ ಇದನ್ನೇ ಇಡೀ ದೇಶಕ್ಕೆ ಹಬ್ಬಿಸಿತು. ಯೂರೋಪಿಯನ್ನರಿಗೆ ವಿನಾಯಿತಿ, ಬಿರುದು ಬಾವಲಿ ಇದ್ದ ದೊಡ್ಡವರಿಗೆ ವಿನಾಯಿತಿ, ಮಿಕ್ಕವರು ಲೈಸೆನ್ಸಿಗೆ ಕೈಮುಗಿದು ನಿಲ್ಲಬೇಕು.

ಕೊಡಗಿನ ವಿನಾಯಿತಿ ಇವತ್ತಿಗೂ ನಡೆದುಕೊಂಡು ಬಂದಿದೆ. ಸ್ವತಂತ್ರ ಭಾರತದ ಸರ್ಕಾರವೂ 'ಕೊಡಗು ಜನಾಂಗದವರು ಮತ್ತು ಜಮ್ಮಾ ಹಿಡುವಳಿದಾರರು' ಅಂತಲೇ ಬರೆದು ಅದನ್ನು ಮುಂದುವರಿಸಿತು. ೨೦೧೯ರಲ್ಲಿ ಕೇಂದ್ರ ಗೃಹ ಇಲಾಖೆ ೨೦೨೯ರವರೆಗೆ ಅದನ್ನು ವಿಸ್ತರಿಸಿತು. ಜೋಡುನಳಿಗೆ ಕೋವಿ ಮಾತ್ರವಲ್ಲ, ಪಿಸ್ತೂಲು ರಿವಾಲ್ವರೂ ಅದರಲ್ಲಿವೆ. ಇದನ್ನು ಪ್ರಶ್ನಿಸಿ ಹಾಕಿದ ಅರ್ಜಿಯನ್ನು ೨೦೨೧ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟು ವಜಾ ಮಾಡಿತು. ಕೊಡವರ ಕೋವಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಮಗು ಹುಟ್ಟಿದಾಗ ಗುಂಡು ಹಾರಿಸುವ, ಕೈಲ್‌ಪೋಳ್ದ್ ದಿನ ಕೋವಿಗೆ ತೋಕ್‌ಪೂ ಮುಡಿಸಿ ಪೂಜೆ ಮಾಡುವ ಜನರ ಬಾಳಿನಲ್ಲಿ ಅದು ಬೆರೆತುಹೋಗಿದೆ. ನನ್ನ ಪ್ರಶ್ನೆ ಅಳತೆಗೋಲಿನದು. ಆ ಆಜ್ಞೆಯಲ್ಲಿ ಎರಡು ಅಳತೆಗಳಿವೆ, ಒಂದು ಹುಟ್ಟು, ಇನ್ನೊಂದು ಭೂಮಿ. ಅದೇ ಕೊಡಗಿನಲ್ಲಿ, ಅದೇ ಕಾಡಿನ ಅಂಚಿನಲ್ಲಿ, ಅದೇ ಆನೆ ಹುಲಿಗಳ ನಡುವೆ ಎರವರಿದ್ದಾರೆ, ಕುರುಬರಿದ್ದಾರೆ, ಹೊಲೆಯರಿದ್ದಾರೆ. ಒಂದು ಕಾಲದಲ್ಲಿ ಭೂಮಿಯ ಜತೆಗೇ ಜೀತಕ್ಕೆ ಕಟ್ಟಿಹಾಕಿದ್ದ ಜನ. ಇವತ್ತೂ ಅವರಲ್ಲಿ ಅನೇಕರು ಕಾಫಿ ತೋಟದ ಲೈನ್ ಮನೆಗಳಲ್ಲಿದ್ದಾರೆ. ೨೦೧೬ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ನೂರಾರು ಗುಡಿಸಲುಗಳನ್ನು ಸರ್ಕಾರವೇ ಕಿತ್ತೆಸೆಯಿತು. ಆನೆ ಬಂದರೆ ಇವರಿಗೆ ತಮಟೆ, ಅಧಿಕಾರಿ ಬಂದರೆ ಇವರಿಗೆ ಬಾಯಿ. ಜಮ್ಮಾ ಇಲ್ಲದವನಿಗೆ ಜೀವ ಇಲ್ಲವೆ?

ನಮ್ಮವರ ಕೈಗೆ ಬಂದೂಕು ಬಂದೇ ಇಲ್ಲವೆ? ಬಂದಿದೆ. ೧೮೧೮ರ ಜನವರಿ ೧ರಂದು ಭೀಮಾ ಕೋರೆಗಾಂವಿನಲ್ಲಿ ಪೇಶ್ವೆಯ ದಂಡನ್ನು ಎದುರಿಸಿದ ಕಂಪನಿಯ ಪಡೆಯಲ್ಲಿ ಮಹಾರರು ಬಹಳ ಮಂದಿ ಇದ್ದರು. ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ನಡೆದವರ ಮಕ್ಕಳು ಹೆಗಲಿಗೆ ಬಂದೂಕು ಏರಿಸಿದ್ದರು. ಅಂಬೇಡ್ಕರ್ ಅವರ ತಂದೆ ರಾಮ್‌ಜಿ ಸುಬೇದಾರರು. ಸೈನ್ಯದ ಶಾಲೆಯಿಂದಲೇ ಆ ಮನೆಗೆ ಅಕ್ಷರ ಬಂತು. ೧೮೯೨ರಲ್ಲಿ ಬ್ರಿಟಿಷರು 'ಯೋಧ ಜನಾಂಗ' ಅನ್ನೋ ಹೊಸ ಶಾಸ್ತ್ರ ಹಿಡಿದು ಮಹಾರರ ನೇಮಕಾತಿಯನ್ನೇ ನಿಲ್ಲಿಸಿದರು. ಮನುವಿನ ಕಂದಾಚಾರಕ್ಕೆ ಇಂಗ್ಲೆಂಡಿನ ಮುದ್ರೆ ಬಿತ್ತು. ಮತ್ತೆ ಮಹಾರ್ ರೆಜಿಮೆಂಟ್ ಅಂತ ಒಂದು ಪಡೆ ಕಟ್ಟಿದ್ದು ೧೯೪೧ರಲ್ಲಿ, ನಮ್ಮ ಬೆಳಗಾವಿಯಲ್ಲೇ. ಅದರ ಹಿಂದೆ ಅಂಬೇಡ್ಕರರ ಒತ್ತಾಯ ಇತ್ತು. ಕೈಗೆ ಬಂದ ಬಂದೂಕಿಗಿಂತ ಅದರ ಜತೆ ಬಂದ ಸಂಬಳ, ಸಮವಸ್ತ್ರ, ಅಕ್ಷರ, ಪಿಂಚಣಿ ನಮ್ಮವರ ಬೆನ್ನನ್ನು ನೆಟ್ಟಗೆ ಮಾಡಿದವು. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

೧೯೩೧ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ಸು, ಕಟ್ಟಳೆಗೆ ಒಳಪಟ್ಟು ಪ್ರತಿ ಪ್ರಜೆಗೂ ಆಯುಧ ಹೊಂದುವ ಹಕ್ಕು ಬೇಕು ಅಂತ ಠರಾವು ಮಾಡಿತು. ೧೯೪೮ರ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು ಸಂವಿಧಾನ ಸಭೆಯಲ್ಲಿ ಅದನ್ನೇ ಮೂಲಭೂತ ಹಕ್ಕು ಮಾಡಬೇಕು ಅಂತ ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಕಂಡಕಂಡವರು ಪೇಟೆಗೆ ಹೋಗಿ ಆಯುಧ ಕೊಳ್ಳುವ ಹಕ್ಕು ಇಟ್ಟುಕೊಂಡರೆ ರಾಜ್ಯ ನಡೆಯುವುದು ಹೇಗೆ ಅನ್ನುವುದು ಅವರ ಮಾತಿನ ತಿರುಳು. ಆಯುಧ ಹಿಡಿಯುವ ಹಕ್ಕಿಗಿಂತ, ದೇಶಕ್ಕೆ ಬೇಕಾದಾಗ ಆಯುಧ ಹಿಡಿಯುವ ಕರ್ತವ್ಯ ದೊಡ್ಡದು ಅಂದರು. ನಮ್ಮಲ್ಲಿ ಕೆಲವು ಬಿಸಿರಕ್ತದ ಗೆಳೆಯರಿಗೆ ಈ ಮಾತು ರುಚಿಸೋದಿಲ್ಲ. ಆದರೆ ಯೋಚನೆ ಮಾಡಿ. ದುಡ್ಡಿದ್ದವನಿಗೆಲ್ಲ ಬಂದೂಕು ಅಂದರೆ ಹಳ್ಳಿಯಲ್ಲಿ ಮೊದಲು ಕೊಳ್ಳುವವನು ಯಾರು? ಕೇರಿಯವನೋ, ಗೌಡನೋ? ಬಾಬಾಸಾಹೇಬರಿಗೆ ಹಳ್ಳಿ ಗೊತ್ತಿತ್ತು.

ಈಗ ಪೇಟೆಗೆ ಬರೋಣ. ೧೯೫೯ರ ಆಯುಧ ಕಾಯಿದೆಯ ೧೪ನೆಯ ಕಲಮಿನಲ್ಲಿ ಒಂದು ಚಂದದ ಸಾಲಿದೆ. ಸಾಕಷ್ಟು ಆಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರಿಗೂ ಲೈಸೆನ್ಸ್ ನಿರಾಕರಿಸಬಾರದು ಅಂತ. ಓದಿದರೆ ಕಣ್ಣು ತುಂಬುತ್ತದೆ. ಆದರೆ ಅರ್ಜಿ ಹಾಕುವವನು ಜಿಲ್ಲಾಧಿಕಾರಿಯ ಮುಂದೆ, ಮೈಸೂರಿನಂಥ ನಗರದಲ್ಲಾದರೆ ಪೋಲೀಸ್ ಕಮಿಷನರ ಮುಂದೆ, ತನಗೆ ನಿಜವಾದ ಅಗತ್ಯ ಇದೆ ಅಂತ ತೋರಿಸಬೇಕು. ಕೇರಿಯವನ ವಿಚಾರಣೆಗೆ ಬರುವುದು ಅದೇ ಠಾಣೆಯ ಪೋಲೀಸು. ಕೊನೆಗೂ ಲೈಸೆನ್ಸ್ ಸಿಕ್ಕಿತು ಅನ್ನಿ. ಆಮೇಲೆ ಆರಿಸೋದು ಏನನ್ನ? ೯ ಎಂ.ಎಂ. ಪಿಸ್ತೂಲು ಸರ್ಕಾರದ ಪಡೆಗಳದು, ಜನಸಾಮಾನ್ಯರಿಗೆ ನಿಷೇಧ. ಸಾಮಾನ್ಯವಾಗಿ ಉಳಿಯೋದು ಸರ್ಕಾರಿ ಆಯುಧ ಕಾರ್ಖಾನೆಯ .೩೨ ಅಳತೆಯ ರಿವಾಲ್ವರು, ಪಿಸ್ತೂಲು. ದೆಹಲಿಯ ಆ ಹೆಣ್ಣುಮಗಳ ಸಾವಿನ ನಂತರ ೨೦೧೪ರಲ್ಲಿ ಕಾನ್ಪುರದ ಕಾರ್ಖಾನೆ 'ನಿರ್ಭೀಕ್' ಅಂತ ಒಂದು ರಿವಾಲ್ವರ್ ತಂದಿತು. ಹೆಂಗಸರ ಕೈಚೀಲಕ್ಕೆ ಹೊಂದುವಂಥದ್ದು, ತೂಕ ಅರ್ಧ ಕಿಲೋ, ಬೆಲೆ ಸುಮಾರು ೧ ಲಕ್ಷ ೨೨ ಸಾವಿರ ರೂಪಾಯಿ. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ ೧೯೧ ರೂಪಾಯಿ. ಲೆಕ್ಕ ಹಾಕಿ. ಉಣ್ಣದೆ ಉಡದೆ ಸುಮಾರು ೬೪೦ ದಿನ ಮಣ್ಣು ಹೊರಬೇಕು. ಖಾತರಿ ಇದ್ದದ್ದು ವರ್ಷಕ್ಕೆ ನೂರೇ ದಿನ. ಅಂದರೆ ಕೂಲಿ ಹೆಣ್ಣುಮಗಳೊಬ್ಬಳು ನಿರ್ಭೀತಳಾಗೋಕೆ ಆರು ವರ್ಷ ಮೀರಿ ಬೇಕು. ಅಲ್ಲಿವರೆಗೆ ಬಯಲಿಗೆ ಹೋಗುವಾಗ ಕೈಯಲ್ಲಿರೋದು ಚೊಂಬು.

ಇನ್ನೊಂದು ಕಾನೂನು ನಮ್ಮದೇ. ದೌರ್ಜನ್ಯ ತಡೆ ಕಾಯಿದೆ ೧೯೮೯ರದು, ಅದರ ನಿಯಮಗಳು ೧೯೯೫ರವು. ಮೂರನೆಯ ನಿಯಮ ತೆಗೆದು ಓದಿ. ದೌರ್ಜನ್ಯ ನಡೆಯಬಹುದಾದ ಪ್ರದೇಶ ಅಂತ ಗುರುತಿಸಿದ ಕಡೆ ಪರಿಶಿಷ್ಟರಲ್ಲದವರ, ಅವರ ನೆಂಟರ, ಆಳುಗಳ ಆಯುಧ ಲೈಸೆನ್ಸ್ ರದ್ದು ಮಾಡಿ ಆಯುಧಗಳನ್ನು ಸರ್ಕಾರದ ಕೋಠಿಯಲ್ಲಿ ಇಡಿಸಬೇಕು ಅನ್ನುತ್ತದೆ ಅದು. ಅಗತ್ಯ ಕಂಡರೆ ಪರಿಶಿಷ್ಟರಿಗೆ ಪ್ರಾಣ ಮತ್ತು ಆಸ್ತಿ ರಕ್ಷಣೆಗೆ ಲೈಸೆನ್ಸ್ ಕೊಡಬಹುದು ಅಂತಲೂ ಅನ್ನುತ್ತದೆ. ಸಾವಿರಾರು ವರ್ಷದ ಶಾಸ್ತ್ರವನ್ನು ತಲೆಕೆಳಗು ಮಾಡಿದ ಎರಡು ಸಾಲುಗಳು ಇವು. ನಮ್ಮ ಎಷ್ಟು ಕೇರಿಗಳಲ್ಲಿ ಇದನ್ನು ಯಾರಾದರೂ ಓದಿ ಹೇಳಿದ್ದಾರೆ?

ಈ ಸಾಲುಗಳನ್ನು ನಮ್ಮ ನೆಲದ ಮೇಲೆ ಇಟ್ಟು ನೋಡೋಣ. ೧೯೯೩ರ ಮಾರ್ಚಿನಲ್ಲಿ, ಇಲ್ಲೇ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ, ಗುಡಿ ಪ್ರವೇಶದ ಹಗೆಯಲ್ಲಿ ಮೂವರು ದಲಿತರನ್ನು ಕೊಂದರು. ೨೦೦೦ದ ಮಾರ್ಚ್ ೧೧ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಮನೆಯೊಳಗಿದ್ದವರನ್ನು ಹೊರಗಿನಿಂದ ಕೂಡಿಹಾಕಿ ಬೆಂಕಿ ಇಟ್ಟರು, ಏಳು ಜನ ಸುಟ್ಟುಹೋದರು. ಜನ ವಾಸಿಸುವ ಮನೆಗೆ ಬೆಂಕಿ ಇಡುವವನನ್ನು ತಡೆಯಲು ಕೊಲ್ಲುವಷ್ಟರ ಮಟ್ಟಿಗೂ ಆತ್ಮರಕ್ಷಣೆಯ ಹಕ್ಕು ಹೋಗುತ್ತದೆ ಅಂತ ಹಳೆಯ ದಂಡಸಂಹಿತೆಯ ೧೦೩ನೆಯ ಕಲಮು ಹೇಳುತ್ತಿತ್ತು. ೨೦೨೪ರ ಜುಲೈಯಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ ಅದು ಉಳಿದಿದೆ. ಹಕ್ಕು ಪುಸ್ತಕದಲ್ಲಿತ್ತು, ಬಾಗಿಲ ಅಗುಳಿ ಹೊರಗಿತ್ತು. ೨೦೦೬ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಟ್ಟಿತು, ೨೦೧೪ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ಹೇಳಬೇಕಾದವರು ಒಬ್ಬೊಬ್ಬರಾಗಿ ತಿರುಗಿಬಿದ್ದಿದ್ದರು. ಯಾಕೆ ತಿರುಗಿದರು? ನಾಳೆ ಬೆಳಗಾದರೆ ಅದೇ ಊರಿನಲ್ಲಿ ಬದುಕಬೇಕು, ಅದೇ ಜಮೀನಿನಲ್ಲಿ ಕೂಲಿ ಕೇಳಬೇಕು.

'ಆ ದಿನ ಒಂದು ಕೋವಿ ಇದ್ದಿದ್ದರೆ...' ಅನ್ನೋ ಮಾತು ನಮ್ಮ ಕೇರಿಯ ಹಿರಿಯರ ಬಾಯಲ್ಲಿ ಬರುತ್ತದೆ. ಆ ನಿಟ್ಟುಸಿರನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ನನ್ನೊಳಗೂ ಅದು ಇದೆ. ಆದರೆ ಒಂದು ಪಿಸ್ತೂಲಿನಲ್ಲಿ ಆರೇಳು ಗುಂಡು, ಹೊರಗೆ ಇಡೀ ಊರು. ಒಂದು ಗುಂಡು ಹಾರಿದ ಮರುದಿನ ಕೇರಿಯ ಮೇಲೆ ಬರುವುದು ಮೊದಲು ಊರು, ಆಮೇಲೆ ಪೋಲೀಸು. ೨೦೧೫ರ ಆಗಸ್ಟ್ ೩೦ರ ಬೆಳಿಗ್ಗೆ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆ ಬಾಗಿಲಲ್ಲೇ ಹೊಡೆದರು. ೨೦೧೭ರ ಸೆಪ್ಟೆಂಬರ್ ೫ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರ ಮನೆ ಮುಂದೆಯೇ ಹೊಡೆದರು. ಎರಡು ಕಡೆಯೂ ೭.೬೫ ಎಂ.ಎಂ. ನಾಡಪಿಸ್ತೂಲು. ಕೊಲ್ಲುವವನಿಗೆ ಲೈಸೆನ್ಸ್ ಬೇಕಾಗಲಿಲ್ಲ, ಮನೆಯವರೆಗೆ ಬಂದರೆ ಸಾಕಾಯಿತು. ಆ ಮನೆಗಳ ಬೀರುವಿನಲ್ಲಿ ಒಂದೊಂದು ರಿವಾಲ್ವರ್ ಇದ್ದಿದ್ದರೆ ಏನಾಗುತ್ತಿತ್ತು? ಬೀರುವಿನಲ್ಲೇ ಇರುತ್ತಿತ್ತು.

ಆದ್ದರಿಂದ ನಮ್ಮ ಬೇಡಿಕೆ ಯಾವ ಪಿಸ್ತೂಲು ಅನ್ನೋದಲ್ಲ. ಮೂರನೆಯ ನಿಯಮದ ಮೊದಲ ಸಾಲು ಮೊದಲು ಜಾರಿಗೆ ಬರಲಿ. ಹೊಡೆಯುವವನ ಕೈಯಿಂದ ಆಯುಧ ಕಿತ್ತುಕೊಳ್ಳದೆ ಹೊಡೆಸಿಕೊಳ್ಳುವವನ ಕೈಗೆ ಆಯುಧ ಕೊಡೋದು ಇಬ್ಬರನ್ನೂ ಕಾದಾಡಿಸಿ ನೋಡುವ ಆಟ. ಎರಡನೆಯ ಸಾಲೂ ಪುಸ್ತಕದಲ್ಲಿ ಗಟ್ಟಿಯಾಗಿ ಇರಲಿ. ಅರ್ಜಿ ಹಾಕುವ ಹಕ್ಕು ನಮ್ಮದು, ಅದನ್ನು ಯಾರೂ ನಗುತ್ತ ತಳ್ಳಿಹಾಕದಿರಲಿ. ಆದರೆ ಬೆಳಗಾವಿಯಲ್ಲಿ ಬಂದೂಕು ಹಿಡಿದ ನಮ್ಮವರ ಬೆನ್ನು ನೆಟ್ಟಗಾದದ್ದು ಸಂಬಳದಿಂದ, ಅಕ್ಷರದಿಂದ. ಕಂಬಾಲಪಲ್ಲಿಯ ಸಾಕ್ಷಿಗೆ ಬೇಕಾಗಿದ್ದದ್ದು ಸ್ವಂತದ ಎರಡು ಎಕರೆ ನೆಲ, ಬೇರೆಯವರ ಹೊಲದ ಕೂಲಿಗೆ ಕೈಚಾಚದ ಒಂದು ವರ್ಷ.

ಪ್ರತಿ ದಸರೆಗೆ ಮೈಸೂರಿನ ಅರಮನೆಯಲ್ಲಿ ಪಟ್ಟದ ಕತ್ತಿಗೆ ಪೂಜೆ ಆಗುತ್ತದೆ, ಜಂಬೂಸವಾರಿಗೆ ಇಪ್ಪತ್ತೊಂದು ಕುಶಾಲತೋಪು ಹಾರುತ್ತವೆ. ಅದೇ ದಿನಗಳಲ್ಲಿ ನಮ್ಮ ಕೇರಿಗಳಲ್ಲೂ ಆಯುಧ ಪೂಜೆ ನಡೆಯುತ್ತದೆ. ಅಲ್ಲಿ ಕುಂಕುಮ ಬೀಳುವುದು ಕುಡುಗೋಲಿಗೆ, ಹಾರೆಗೆ, ಚರ್ಮ ಕೊಯ್ಯುವ ಉಳಿಗೆ, ಈಗೀಗ ಮಕ್ಕಳ ಪುಸ್ತಕಕ್ಕೂ. ಊರು ಕಟ್ಟಿದ ಆಯುಧಗಳು ಇವು, ಒಂದಕ್ಕೂ ಲೈಸೆನ್ಸ್ ಇಲ್ಲ. ಇವುಗಳ ದುಡಿಮೆಗೆ ಸರಿಯಾದ ನೆಲ, ಸರಿಯಾದ ಕೂಲಿ, ಸರಿಯಾದ ನ್ಯಾಯ ಸಿಕ್ಕಿದ ದಿನ ಮನೆ ಕಾಯೋಕೆ ಯಾವ ಕೋವಿ ಬೇಕು ಅಂತ ಕೇಳುವವರು ಶ್ರೀರಾಂಪುರದಲ್ಲೂ ಕಡಿಮೆಯಾಗುತ್ತಾರೆ, ಕೇರಿಯಲ್ಲೂ ಕಡಿಮೆಯಾಗುತ್ತಾರೆ. ಅಲ್ಲಿಯತನಕ ಆ ಪ್ರಶ್ನೆಯನ್ನು ನಾವು ಹೀಗೇ ತಿರುಗಿಸಿ ಕೇಳುತ್ತಿರಬೇಕು: ಕೋವಿ ಯಾರ ಕೈಯಲ್ಲಿದೆ, ಯಾರ ಕಡೆಗೆ ತಿರುಗಿದೆ?