ಸಂಪಗಾಂವ ಎಲ್ಲಿದೆ? ಐಪಿ ವಿಳಾಸವನ್ನು ಕೇಳಬೇಡಿ!

ಸಂಪಗಾಂವದ ನಮ್ಮ ಮನೆಯಲ್ಲಿರುವುದು ಸಿಮ್ ಹಾಕುವ ರೂಟರ್. ಅದರ ಐಪಿ ವಿಳಾಸ ನೋಡಿ ಜಾಲತಾಣಗಳು ನನ್ನನ್ನು ಒಮ್ಮೆ ಬೆಂಗಳೂರಿನವ ಅನ್ನುತ್ತವೆ, ಒಮ್ಮೆ ಮುಂಬೈಯವ ಅನ್ನುತ್ತವೆ. ಬೈಲಹೊಂಗಲದ ಕಡೆಯವ ಅಂತ ಒಂದೂ ಹೇಳಿಲ್ಲ :-)

ನಮ್ಮೂರಿಗೆ ಇದೇನು ಹೊಸದಲ್ಲ ಬಿಡಿ. ಬ್ರಿಟಿಷರ ಕಾಲದ ಬೆಳಗಾವಿ ಜಿಲ್ಲೆಯಲ್ಲಿ ಸಂಪಗಾಂವ ಅನ್ನುವುದೇ ಒಂದು ತಾಲೂಕು. ಬೈಲಹೊಂಗಲ, ಕಿತ್ತೂರು ಎಲ್ಲ ಅದರೊಳಗೇ. ಆಚೆ ಸವದತ್ತಿ ಇದ್ದದ್ದು ಪರಸಗಡ ತಾಲೂಕಿನಲ್ಲಿ. ಇವತ್ತು ಸಂಪಗಾಂವ ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ, ಕಿತ್ತೂರೇ ಬೇರೆ ತಾಲೂಕು. ಊರುಗಳು ಕದಲಲಿಲ್ಲ, ದಫ್ತರದಲ್ಲಿ ಹೆಸರು ಬದಲಾಯಿತು ಅಷ್ಟೆ.

ಐಪಿ ವಿಳಾಸವೂ ಹೀಗೇ ದಫ್ತರದ ಮಾತು. ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಇವುಗಳನ್ನು ಹಂಚುವ ಸಂಸ್ಥೆ ಎಪಿನಿಕ್. ಅದು ಕೊಡುವುದು ಕಂಪನಿಗೆ, ಊರಿಗಲ್ಲ. ಟವರಿನಿಂದ ಹೊರಟ ನಮ್ಮ ಡೇಟಾ ದೂರದ ಯಾವುದೋ ಶಹರದಲ್ಲಿರುವ ಕಂಪನಿಯ ಗೇಟ್‌ವೇ ತಲುಪಿ, ಅಲ್ಲಿಂದ ಇಂಟರ್ನೆಟ್ಟಿಗೆ ಸೇರುತ್ತದೆ. ಜಿಯೋಲೊಕೇಶನ್ ಪಟ್ಟಿಯವರಿಗೆ ಕಾಣುವುದು ಆ ಬಾಗಿಲು, ನಮ್ಮ ಮನೆಯಲ್ಲ.

ಬಾಗಿಲು ಒಬ್ಬರದೂ ಅಲ್ಲ. 1981ರಲ್ಲಿ ರೂಪುಗೊಂಡ ಐಪಿವಿ4ರಲ್ಲಿ ಇರುವುದು ಸುಮಾರು 430 ಕೋಟಿ ಸಂಖ್ಯೆಗಳು. 2011ರ ಫೆಬ್ರವರಿ 3ಕ್ಕೆ ಜಾಗತಿಕ ಕಣಜ ಬರಿದಾಯಿತು. ಏಪ್ರಿಲ್ 15ರಿಂದ ಎಪಿನಿಕ್‌ನಲ್ಲೂ ರೇಷನ್ ಶುರು. 2012ರಲ್ಲಿ 100.64ರಿಂದ 100.127ರವರೆಗಿನ ಸಂಖ್ಯೆಗಳನ್ನು ಕಂಪನಿಗಳ ಒಳಬಳಕೆಗೆಂದೇ ತೆಗೆದಿಟ್ಟರು. ಒಳಗೆ ನಮಗೊಂದು ಸಂಖ್ಯೆ, ಹೊರಗೆ ಹತ್ತಾರು, ನೂರಾರು ಮನೆಗಳಿಗೆ ಒಂದೇ! ಐಪಿವಿ6 ಬಂದು ಈ ಬರ ನೀಗಿಸಿತು, ನಿಜ. ಆದರೆ ಅದರಲ್ಲೂ ಹಳ್ಳಿಯ ಹೆಸರು ಬರೆದಿರುವುದಿಲ್ಲ.

ಇದೆಲ್ಲ ಬರೀ ತಮಾಷೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. 2007ರ ಘಟನೆ ಹಳೆಯ ಬ್ಲಾಗಿಗರಿಗೆ ನೆನಪಿರಬಹುದು. ಆರ್ಕುಟ್‌ನಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದ ಆರೋಪದ ಮೇಲೆ ಪುಣೆ ಪೊಲೀಸರು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಹಿಡಿದೊಯ್ದರು. ಸುಮಾರು ಐವತ್ತು ದಿನ ಜೈಲು. ಆಮೇಲೆ ಗೊತ್ತಾಯಿತು, ಆ ಐಪಿ ವಿಳಾಸ ಅವರದ್ದಾಗಿರಲೇ ಇಲ್ಲ! ಒಂದು ಸಂಖ್ಯೆಯನ್ನು ಇಷ್ಟೊಂದು ಮನೆಗಳು ಹಂಚಿಕೊಳ್ಳದಿದ್ದ ಕಾಲದಲ್ಲೇ ಈ ಗತಿ. ಈಗ ಐಪಿ ಒಂದೇ ಇದ್ದರೆ ಸಾಲದು. ನಿಖರ ಸಮಯ ಬೇಕು, ಪೋರ್ಟ್ ಸಂಖ್ಯೆ ಬೇಕು, ಕಂಪನಿಯ ದಾಖಲೆಯಲ್ಲಿ ಅವು ತಾಳೆಯಾಗಬೇಕು.

ಹಾಗಾಗಿ ನಿಮ್ಮ ಬ್ಲಾಗಿನಲ್ಲಿ ಯಾರೋ ಅನಾಮಿಕ ಬೈದು ಹೋದರೆ, ಐಪಿ ಹುಡುಕಿ "ಇಂಥ ಊರಿನ ಇಂಥವನೇ" ಅಂತ ಬರೆಯುವ ಮುಂಚೆ ಸ್ವಲ್ಪ ತಡೆಯಿರಿ. ಆ ಊರಿನ ಮನುಷ್ಯನಿಗೆ ಏನೂ ಗೊತ್ತೇ ಇಲ್ಲದಿರಬಹುದು.