ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ವಿದ್ಯಾರ್ಥಿ ಜೀವನ

ಕಮ್ಯುನಿಟಿ ಕಾಲೇಜು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರೌಢಶಿಕ್ಷಣದ ಮುಂದಿನ ಎರಡು ವರ್ಷಗಳ ಅಸೋಸಿಯೇಟ್ ಪದವಿಯನ್ನೂ ವೃತ್ತಿ ಪ್ರಮಾಣಪತ್ರಗಳನ್ನೂ ನೀಡುವ ಶಿಕ್ಷಣ ಸಂಸ್ಥೆ. ದೇಶದಲ್ಲಿ ಇಂಥ ಸುಮಾರು 1,000 ಕಾಲೇಜುಗಳಿದ್ದು, ಹೆಚ್ಚಿನವು ಸಾರ್ವಜನಿಕ ಹಣದಿಂದ ನಡೆಯುತ್ತವೆ. ಪ್ರವೇಶಕ್ಕೆ ಸಾಮಾನ್ಯವಾಗಿ ಸ್ಪರ್ಧೆಯಿಲ್ಲ, ಶುಲ್ಕವೂ ಕಡಿಮೆ. ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಮನೆಯಿಂದ ಓಡಾಡುವವರು. ಅರ್ಧಕ್ಕಿಂತ ಹೆಚ್ಚಿನವರು ಅರೆಕಾಲಿಕವಾಗಿ ಓದುವವರು. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಟ್ಟಿಗಿದ್ದು ಬೆಳೆಯುವ ವಿಶ್ವವಿದ್ಯಾಲಯದ ಒಡನಾಟ ಇಲ್ಲಿ ತಾನಾಗಿ ಒದಗುವುದಿಲ್ಲ. ಆ ಕೊರತೆಯನ್ನು ತುಂಬಲು ಹುಟ್ಟಿದ ಸಂಘ, ಕ್ರೀಡಾಕೂಟ ಮತ್ತು ನೆರವಿನ ಯೋಜನೆಗಳೇ ಈ ಕಾಲೇಜುಗಳ ವಿದ್ಯಾರ್ಥಿ ಜೀವನಕ್ಕೆ ರೂಪ ಕೊಟ್ಟಿವೆ.

ಆರಂಭ

ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಮತ್ತು ಜೋಲಿಯೆಟ್ ಪ್ರೌಢಶಾಲೆಯ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಅವರ ಪ್ರಯತ್ನದಿಂದ 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಜೂನಿಯರ್ ಕಾಲೇಜು ಆರಂಭವಾಯಿತು. ಮೊದಲ ತಂಡದಲ್ಲಿದ್ದವರು 6 ವಿದ್ಯಾರ್ಥಿಗಳು. ಪ್ರೌಢಶಾಲೆಗಳು ಕಾಲೇಜು ಮಟ್ಟದ ಪಾಠಗಳನ್ನು ನಡೆಸಲು ಕ್ಯಾಲಿಫೋರ್ನಿಯ 1907ರಲ್ಲಿ ಕಾನೂನಿನ ಮೂಲಕ ಅವಕಾಶ ಕೊಟ್ಟಿತು. 1910ರಲ್ಲಿ ಫ್ರೆಸ್ನೊ ಕಾಲೇಜು ತೆರೆಯಿತು. ಜೂನಿಯರ್ ಕಾಲೇಜು ಎಂದು ಕರೆಯಲಾಗುತ್ತಿದ್ದ ಆಗಿನ ಈ ಕಾಲೇಜುಗಳಲ್ಲಿ ಹಲವು ಪ್ರೌಢಶಾಲೆಯ ಕಟ್ಟಡದಲ್ಲೇ ನಡೆಯುತ್ತಿದ್ದವು.

ಓದಿನಲ್ಲಿ ಮುಂದಿದ್ದವರನ್ನು ಗೌರವಿಸುವ ಸಂಘ ಮೊದಲು ಮಿಸ್ಸೌರಿಯಲ್ಲಿ ರೂಪುಗೊಂಡಿತು. ಅಲ್ಲಿನ ಮಹಿಳಾ ಜೂನಿಯರ್ ಕಾಲೇಜುಗಳ ಅಧ್ಯಕ್ಷರು 1918ರಲ್ಲಿ ಸ್ಥಾಪಿಸಿದ ಫೈ ಥೀಟಾ ಕಪ್ಪವನ್ನು ಜೂನಿಯರ್ ಕಾಲೇಜುಗಳ ರಾಷ್ಟ್ರೀಯ ಒಕ್ಕೂಟ 1929ರಲ್ಲಿ ಅಧಿಕೃತ ಗೌರವ ಸಂಘವೆಂದು ಒಪ್ಪಿಕೊಂಡಿತು. ಇದರ ಸದಸ್ಯತ್ವಕ್ಕೆ ಸಾಮಾನ್ಯವಾಗಿ 4 ಅಂಕಗಳ ಮಾಪನದಲ್ಲಿ 3.5 ಸರಾಸರಿ ಇರಬೇಕು. ಕಾಲೇಜಿನ ಶಾಖೆಗಳು ಸಂಶೋಧನೆ ಮತ್ತು ಸಮಾಜಸೇವೆಯ ಯೋಜನೆಗಳನ್ನು ನಡೆಸುತ್ತವೆ. ಮುಂದೆ ನಾಲ್ಕು ವರ್ಷದ ಕಾಲೇಜಿಗೆ ಸೇರುವಾಗ ಇದರ ಸದಸ್ಯರಿಗೆ ಮೀಸಲಾದ ವಿದ್ಯಾರ್ಥಿವೇತನಗಳೂ ದೊರೆಯುತ್ತವೆ.

ಕ್ರೀಡೆ

ಕ್ಯಾಲಿಫೋರ್ನಿಯದ ಪ್ಯಾಸಡೀನಾ ಜೂನಿಯರ್ ಕಾಲೇಜಿನ ಮ್ಯಾಕ್ ರಾಬಿನ್ಸನ್ 1936ರ ಬರ್ಲಿನ್ ಒಲಿಂಪಿಕ್ಸ್‌ನ 200 ಮೀಟರ್ ಓಟದಲ್ಲಿ ಜೆಸ್ಸಿ ಓವೆನ್ಸ್ ನಂತರ ಎರಡನೆಯವನಾಗಿ ಬೆಳ್ಳಿ ಪದಕ ಗೆದ್ದ. ಅವನ ತಮ್ಮ ಜ್ಯಾಕಿ ರಾಬಿನ್ಸನ್ ಅದೇ ಕಾಲೇಜಿನಲ್ಲಿ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್ ಆಡುತ್ತ, 1938ರಲ್ಲಿ ಉದ್ದ ಜಿಗಿತದಲ್ಲಿ ಅಣ್ಣನ ದಾಖಲೆಯನ್ನು ಮುರಿದ. 1947ರಲ್ಲಿ ಬೇಸ್‌ಬಾಲ್‌ನ ಮೇಜರ್ ಲೀಗಿಗೆ ಕಾಲಿಟ್ಟು, ಅಲ್ಲಿ ದಶಕಗಳಿಂದ ಇದ್ದ ವರ್ಣಭೇದವನ್ನು ಕೊನೆಗಾಣಿಸಿದವನು ಇವನೇ.

ಇಂಥ ಆಟಗಾರರಿದ್ದರೂ ಜೂನಿಯರ್ ಕಾಲೇಜುಗಳಿಗೆ ರಾಷ್ಟ್ರಮಟ್ಟದ ವೇದಿಕೆ ಇರಲಿಲ್ಲ. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎಯ ಅಥ್ಲೆಟಿಕ್ ಕೂಟದಲ್ಲಿ ಸ್ಪರ್ಧಿಸಲು ಕ್ಯಾಲಿಫೋರ್ನಿಯದ ಕಾಲೇಜುಗಳು ಸಲ್ಲಿಸಿದ ಮನವಿ ತಿರಸ್ಕೃತವಾದಾಗ, ಅವು 1938ರಲ್ಲಿ ಫ್ರೆಸ್ನೊದಲ್ಲಿ ಎನ್‌ಜೆಸಿಎಎ ಎಂಬ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡವು. ಮರುವರ್ಷ ಸ್ಯಾಕ್ರಮೆಂಟೊದಲ್ಲಿ ಅದರ ಮೊದಲ ಅಥ್ಲೆಟಿಕ್ ಕೂಟ ನಡೆಯಿತು. ಮಹಿಳಾ ವಿಭಾಗ ಸೇರಿದ್ದು 1975ರಲ್ಲಿ.

ಯುದ್ಧೋತ್ತರ ಬೆಳವಣಿಗೆ ಮತ್ತು ಚಳವಳಿ

1944ರ ಜಿ.ಐ. ಕಾನೂನಿನಿಂದ ಸರಕಾರಿ ನೆರವು ಪಡೆದ ಮಾಜಿ ಸೈನಿಕರು ತರಗತಿಗಳಿಗೆ ಬಂದರು. ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರಲ್ಲಿ ಊರೂರಿಗೂ ಇಂಥ ಕಾಲೇಜು ಬೇಕೆಂದು ಸೂಚಿಸಿತು. ಕಮ್ಯುನಿಟಿ ಕಾಲೇಜು ಎಂಬ ಹೆಸರು ವ್ಯಾಪಕ ಬಳಕೆಗೆ ಬಂದದ್ದು ಆ ವರದಿಯಿಂದ. 1960ರ ದಶಕದಲ್ಲಿ ನಾನೂರಕ್ಕೂ ಹೆಚ್ಚು ಹೊಸ ಕಾಲೇಜುಗಳು ತೆರೆದವು. ಕೆಲಸಗಾರರು, ತಾಯಂದಿರು, ಅಲ್ಪಸಂಖ್ಯಾತ ಸಮುದಾಯಗಳ ಯುವಕರು ಹೆಚ್ಚಾಗಿ ಸೇರಿದಂತೆ ಸಂಜೆ ತರಗತಿಗಳೂ ಹೆಚ್ಚಿದವು.

ಓಕ್ಲೆಂಡಿನ ಮೆರಿಟ್ ಕಾಲೇಜಿನಲ್ಲಿ ಕಪ್ಪುಜನರ ಇತಿಹಾಸವನ್ನು ಪಾಠಕ್ರಮಕ್ಕೆ ಸೇರಿಸಬೇಕೆಂದು ವಿದ್ಯಾರ್ಥಿಗಳು ಒತ್ತಾಯಿಸಿದರು. ಅವರಲ್ಲಿದ್ದ ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ 1966ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷವನ್ನು ಸ್ಥಾಪಿಸಿದರು. ಷಿಕಾಗೋದ ಕ್ರೇನ್ ಜೂನಿಯರ್ ಕಾಲೇಜಿಗೆ 1969ರಲ್ಲಿ ಕಪ್ಪುಜನರ ಹಕ್ಕುಗಳ ಹೋರಾಟಗಾರ ಮ್ಯಾಲ್ಕಂ ಎಕ್ಸ್ ಹೆಸರಿಡಲಾಯಿತು. ನವಾಹೋ ಜನರು 1968ರಲ್ಲಿ ಅರಿಜೋನಾದಲ್ಲಿ ತೆರೆದ ಕಾಲೇಜು, ಈಗಿನ ಡಿನೆ ಕಾಲೇಜು, ಮೂಲನಿವಾಸಿ ಸಮುದಾಯವೇ ನಡೆಸುವ ಮೊದಲ ಕಾಲೇಜಾಯಿತು. ಲ್ಯಾಟಿನೊ ವಿದ್ಯಾರ್ಥಿಗಳಿಗೆ ಬರವಣಿಗೆಯ ತರಬೇತಿ ಮತ್ತು ಹಿರಿಯರ ಮಾರ್ಗದರ್ಶನ ಒದಗಿಸುವ ಪ್ಯುಯೆಂಟೆ ಯೋಜನೆ 1981ರಲ್ಲಿ ಕ್ಯಾಲಿಫೋರ್ನಿಯದ ಶಾಬೊ ಕಾಲೇಜಿನಲ್ಲಿ ಆರಂಭವಾಯಿತು.

ಕ್ಯಾಂಪಸ್ ಬದುಕು

ತರಗತಿ ಮುಗಿದೊಡನೆ ಕೆಲಸಕ್ಕೋ ಮನೆಗೋ ಹೊರಡುವವರನ್ನು ಒಂದೆಡೆ ಸೇರಿಸುವುದು ಇಲ್ಲಿನ ದೊಡ್ಡ ಸವಾಲು. ಹಾಗಾಗಿ ಹಲವು ಕಾಲೇಜುಗಳು ಹಗಲಿನಲ್ಲಿ ಪಾಠವಿಲ್ಲದ ಒಂದು ಅವಧಿಯನ್ನು ಇಡುತ್ತವೆ. ಕ್ಲಬ್ ಸಭೆ, ಉಪನ್ಯಾಸ, ಸಂಗೀತ, ಚುನಾವಣಾ ಪ್ರಚಾರ ನಡೆಯುವುದು ಆಗ. ಚುನಾಯಿತ ವಿದ್ಯಾರ್ಥಿ ಸಂಘವು ವಿದ್ಯಾರ್ಥಿಗಳು ಕಟ್ಟುವ ಚಟುವಟಿಕೆ ಶುಲ್ಕವನ್ನು ಕ್ಲಬ್‌ಗಳಿಗೆ ಹಂಚುತ್ತದೆ. ಕ್ಯಾಲಿಫೋರ್ನಿಯದಂಥ ರಾಜ್ಯಗಳಲ್ಲಿ ಆಡಳಿತ ಮಂಡಳಿಯಲ್ಲಿ ಒಬ್ಬ ವಿದ್ಯಾರ್ಥಿ ಪ್ರತಿನಿಧಿ ಇರುತ್ತಾನೆ ಅಥವಾ ಇರುತ್ತಾಳೆ. ವಿದ್ಯಾರ್ಥಿ ಪತ್ರಿಕೆ, ನಾಟಕ, ಚರ್ಚಾಕೂಟಗಳೂ ಹಲವೆಡೆ ಇವೆ. ಅಮೆರಿಕ ಸರಕಾರ 2007ರಲ್ಲಿ ಆರಂಭಿಸಿದ ವಿನಿಮಯ ಯೋಜನೆಯಡಿ ಭಾರತವೂ ಸೇರಿದಂತೆ ಹಲವು ದೇಶಗಳ ವಿದ್ಯಾರ್ಥಿಗಳು ಒಂದು ವರ್ಷ ಈ ಕಾಲೇಜುಗಳಲ್ಲಿ ಓದಿ, ಸ್ವಯಂಸೇವೆ ಮಾಡಿ ತಾಯ್ನಾಡಿಗೆ ಮರಳಿದ್ದಾರೆ.

ಸಾಧನೆಗಳು

ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಮ್ಯುನಿಟಿ ಕಾಲೇಜಿನಲ್ಲಿ ಓದಿದ ಐಲೀನ್ ಕಾಲಿನ್ಸ್ 1999ರಲ್ಲಿ ಅಮೆರಿಕದ ಸ್ಪೇಸ್ ಶಟಲ್ ನೌಕೆಯನ್ನು ಮುನ್ನಡೆಸಿದ ಮೊದಲ ಮಹಿಳಾ ಕಮಾಂಡರ್ ಎನಿಸಿದರು. ಮಾನವ ಜೀನೋಮ್ ಸಂಶೋಧನೆಗೆ ಹೆಸರಾದ ಕ್ರೇಗ್ ವೆಂಟರ್ ವಿಯೆಟ್ನಾಂ ಯುದ್ಧದಿಂದ ಮರಳಿ ಓದು ಮುಂದುವರಿಸಿದ್ದು ಸ್ಯಾನ್ ಮಟೇಯೊ ಕಾಲೇಜಿನಲ್ಲಿ. ಚಿತ್ರನಿರ್ದೇಶಕ ಜಾರ್ಜ್ ಲೂಕಸ್ ಮೊಡೆಸ್ಟೊ ಜೂನಿಯರ್ ಕಾಲೇಜಿನಲ್ಲಿ, ನಟ ಟಾಮ್ ಹ್ಯಾಂಕ್ಸ್ ಶಾಬೊ ಕಾಲೇಜಿನಲ್ಲಿ ಕಲಿತರು.

ಸಾಮಾನ್ಯ ವಿದ್ಯಾರ್ಥಿಯ ಮಟ್ಟಿಗೆ ಪದವಿ ಪೂರೈಸುವುದೇ ಮುಖ್ಯ ಸಾಧನೆ. ಸೇರುವಾಗ ಹೆಚ್ಚಿನವರು ಬ್ಯಾಚುಲರ್ ಪದವಿಯ ಗುರಿ ಇಟ್ಟುಕೊಂಡಿರುತ್ತಾರೆ; ಆದರೆ ಆರು ವರ್ಷಗಳಲ್ಲಿ ನಾಲ್ಕು ವರ್ಷದ ಕಾಲೇಜಿಗೆ ವರ್ಗವಾಗುವವರು ಸುಮಾರು ಮೂರನೆಯ ಒಂದು ಭಾಗ ಮಾತ್ರ. ಹಣದ ಅಡಚಣೆ, ಕೆಲಸದ ವೇಳೆ, ಮಕ್ಕಳ ಪಾಲನೆ, ಕ್ರೆಡಿಟ್‌ಗಳನ್ನು ಹೊಸ ಕಾಲೇಜು ಪೂರ್ತಿ ಒಪ್ಪದಿರುವುದು ಇದಕ್ಕೆ ಕಾರಣಗಳು. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ 2007ರಲ್ಲಿ ಆರಂಭಿಸಿದ ಅಸಾಪ್ ಯೋಜನೆ ಪೂರ್ಣಾವಧಿ ಓದುವವರಿಗೆ ಸಲಹೆಗಾರರು, ವಿಶೇಷ ಪಾಠ, ಬಸ್ಸು-ರೈಲಿನ ಪಾಸು, ಪುಸ್ತಕದ ನೆರವು ಒದಗಿಸಿತು. ಮೂರು ವರ್ಷಗಳಲ್ಲಿ ಪದವಿ ಪಡೆದವರ ಪ್ರಮಾಣ ಈ ನೆರವಿಲ್ಲದವರಲ್ಲಿ ಶೇ. 22 ಇದ್ದರೆ, ನೆರವು ಪಡೆದವರಲ್ಲಿ ಶೇ. 40ಕ್ಕೆ ಏರಿತು.

ಇತ್ತೀಚಿನ ಬದಲಾವಣೆಗಳು

2010ರ ದಶಕದಲ್ಲಿ ಹಸಿವು ಮತ್ತು ವಸತಿಯ ಸಮಸ್ಯೆಗಳು ಗಮನಕ್ಕೆ ಬಂದು, ಅನೇಕ ಕಾಲೇಜುಗಳು ಉಚಿತ ದಿನಸಿ ಕೇಂದ್ರಗಳನ್ನು ತೆರೆದವು. ಟೆನೆಸ್ಸೀ ರಾಜ್ಯವು ಪ್ರೌಢಶಾಲೆ ಮುಗಿಸಿ 2015ರಲ್ಲಿ ಸೇರಿದವರಿಂದ ಮೊದಲ್ಗೊಂಡು ಎರಡು ವರ್ಷಗಳ ಬೋಧನಾ ಶುಲ್ಕವನ್ನು ಭರಿಸತೊಡಗಿತು. ಬೇರೆ ರಾಜ್ಯಗಳೂ ಇಂಥ ಯೋಜನೆಗಳನ್ನು ತಂದವು. ಕೋವಿಡ್ ಕಾಲದಲ್ಲಿ ದಾಖಲಾತಿ ತೀವ್ರವಾಗಿ ಕುಸಿಯಿತು. 2020ರ ಹಲವು ಕ್ರೀಡಾ ಸ್ಪರ್ಧೆಗಳು 2021ಕ್ಕೆ ಮುಂದೂಡಲ್ಪಟ್ಟವು. 2023ರ ಹೊತ್ತಿಗೆ ದಾಖಲಾತಿ ಮತ್ತೆ ಏರತೊಡಗಿತು. ಆದರೂ ಆನ್‌ಲೈನ್ ತರಗತಿಗಳು ಹೆಚ್ಚಿನ ಪ್ರಮಾಣದಲ್ಲಿ ಉಳಿದಿರುವುದರಿಂದ ಕ್ಲಬ್ ಸಭೆ, ಬೋಧನಾ ನೆರವು, ಆಪ್ತಸಲಹೆಗಳನ್ನು ಹಲವು ಕಾಲೇಜುಗಳು ಈಗ ಕ್ಯಾಂಪಸ್ಸಿನಲ್ಲೂ ಆನ್‌ಲೈನಿನಲ್ಲೂ ನಡೆಸುತ್ತವೆ.