ಟಿಕೆಟ್ಟಿಲ್ಲದೆ ಬಂದವರು

ಊರು ಬಿಟ್ಟು ಓಡಿಬಂದ ಹುಡುಗನ ಕತೆ ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಅಪ್ಪನ ಪೆಟ್ಟಿಗೋ ಪರೀಕ್ಷೆಗೋ ಹೆದರಿ ಬಂದು, ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಕೊನೆಗೆ ತಾವೇ ಹೋಟೆಲ್ ಇಟ್ಟವರನ್ನು ನಮ್ಮ ಸಂಘಗಳು ಶಾಲು ಹೊದಿಸಿ ಸನ್ಮಾನಿಸಿವೆ. ಅವರಿಗಾದರೂ ಇಲ್ಲಿ ಊರಿನ ಕಡೆಯವರೊಬ್ಬರು ಇದ್ದರು. ಯಾರೂ ಇಲ್ಲದವರ ಪಾಡು ನೋಡಿಕೊಂಡ ಸಲೇಸಿಯನ್ ಎಂಬ ಕ್ಯಾಥೊಲಿಕ್ ಸಭೆಯ ಪಾದ್ರಿಗಳ ಕೆಲಸವೂ ನವಿ ಮುಂಬಯಿಯ ಬೇಲಾಪುರ ಕನ್ನಡಿಗರ ಈ ಸಂಚಿಕೆಯಲ್ಲಿ ದಾಖಲಾಗಲಿ.

ಪಕ್ಕದ ನೆರೂಳಿನಲ್ಲಿರುವ ಅವರ ಡಾನ್ ಬಾಸ್ಕೊ ಶಾಲೆ ಎಲ್ಲರಿಗೂ ಗೊತ್ತು. ಅದೇ ಹಾರ್ಬರ್ ಲೈನಿನಲ್ಲಿ ವಡಾಲಾಕ್ಕೆ ಹೋದರೆ ಸಿಗುವ, ಅದೇ ಸಭೆಯವರ ‘ಶೆಲ್ಟರ್’ ಅಷ್ಟು ಜನಕ್ಕೆ ಗೊತ್ತಿಲ್ಲ. ಬೀದಿ ಹುಡುಗರಿಗಾಗಿ 1987ರಲ್ಲಿ ಶುರುವಾದದ್ದು ಅದು. ಮುಂಬಯಿಯಲ್ಲಿ ಅದಕ್ಕೂ ಮೊದಲೇ, 1962ರಲ್ಲಿ, ಇಂಥದೇ ಕೆಲಸಕ್ಕೆ ಜೆಸುಯಿಟ್ ಪಾದ್ರಿಗಳ ಸ್ನೇಹಸದನ ಹುಟ್ಟಿತ್ತು.

ಸಲೇಸಿಯನ್ ಸಭೆಯ ಮೂಲಪುರುಷ ಜಾನ್ ಬಾಸ್ಕೊ 1841ರಲ್ಲಿ ಪಾದ್ರಿಯಾಗಿ ಇಟಲಿಯ ತುರಿನ್ ನಗರದ ಜೈಲುಗಳಿಗೆ ಹೋದಾಗ ಅಲ್ಲಿ ಕಂಡವರು ಹಳ್ಳಿಯಿಂದ ಕೂಲಿಗೆ ಬಂದು ದಾರಿತಪ್ಪಿದ ಎಳೆಯರು. ಅವರಿಗೆ ಉಪದೇಶ ಮಾಡಿ ಸುಮ್ಮನಾಗದೆ ಕಸುಬು ಕಲಿಸುವ ಯಜಮಾನರನ್ನು ಹುಡುಕಿದ. 1852ರಲ್ಲಿ ಒಬ್ಬ ಬಡಗಿಯೊಡನೆ ಮಾಡಿಸಿದ ಕರಾರುಪತ್ರ ಇಂದಿಗೂ ಉಳಿದಿದೆ: ಹುಡುಗ ತಪ್ಪಿದರೆ ಬಾಯಿಮಾತಲ್ಲಿ ತಿದ್ದಬೇಕು, ಕೈ ಎತ್ತುವಂತಿಲ್ಲ; ಕಸುಬಿಗೆ ಸಂಬಂಧವಿಲ್ಲದ ಚಾಕರಿ ಹೇಳುವಂತಿಲ್ಲ. ನಮ್ಮ ಹಳೆಯ ಹೋಟೆಲ್ ಮಾಲೀಕರಲ್ಲಿ ಎಷ್ಟು ಮಂದಿ ಇಂಥದಕ್ಕೆ ಸಹಿ ಹಾಕುತ್ತಿದ್ದರೋ!

ಕರ್ನಾಟಕದಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಬೆಂಗಳೂರಿನಲ್ಲಿ ದೇವಶಾಸ್ತ್ರ ಓದುತ್ತಿದ್ದ ಸಲೇಸಿಯನ್ ವಿದ್ಯಾರ್ಥಿಗಳು. 1980ರಲ್ಲಿ ಅವರು ಚಿಂದಿ ಆಯುವ ಹುಡುಗರ ಜೊತೆ ಬೀದಿಯಲ್ಲೇ ಕೂತು ಮಾತಿಗೆ ಇಳಿದರು. ಮುಂದೆ ಅದೇ ‘ಬೆಂಗಳೂರು ಓಣಿಯವರ ಸೇವಾ ಕೂಟ’, ಚುಟುಕಾಗಿ ಬಾಸ್ಕೊ, ಎಂದು ಬೆಳೆಯಿತು. ಕಟ್ಟಡ ಕಟ್ಟಿ ಹುಡುಗರು ಬರಲಿ ಎಂದು ಕಾಯದೆ ತಾವೇ ಅವರಿದ್ದಲ್ಲಿಗೆ ಹೋದದ್ದೇ ಇವರ ದೊಡ್ಡತನವೆಂದು ನನ್ನ ಲೆಕ್ಕ.

ಬೀದಿ ಹುಡುಗ ದುಡಿದ ದುಡ್ಡನ್ನು ಸಂಜೆಗೇ ಸಿನಿಮಾ, ತಿಂಡಿ ಎಂದು ಮುಗಿಸುತ್ತಾನೆ. ನೋಡಿದವರು ದುಂದುಗಾರನೆನ್ನುತ್ತಾರೆ. ಆದರೆ ಜೇಬಿನಲ್ಲಿಟ್ಟು ಮಲಗಿದರೆ ಬೆಳಗಾಗುವಷ್ಟರಲ್ಲಿ ದೊಡ್ಡ ಹುಡುಗರು ಕಿತ್ತುಕೊಂಡಿರುತ್ತಾರೆಂಬುದು ಅವನಿಗೆ ಗೊತ್ತು. ಆದ್ದರಿಂದಲೇ ಇಂಥ ತಂಗುದಾಣಗಳಲ್ಲಿ ಸ್ನಾನಕ್ಕೆ ನೀರು, ಬಟ್ಟೆಗೆ ಬೀಗವಿರುವ ಪೆಟ್ಟಿಗೆ, ದುಡ್ಡು ಕೂಡಿಡಲು ಒಂದು ಖಾತೆ ಇವು ಪಾಠಕ್ಕಿಂತ ಮೊದಲು ಬರುತ್ತವೆ. ಮನೆಗೆ ಮರಳಿಸುವ ಮಾತು ಆಮೇಲೆ. ಅದೂ ಸಲೀಸಲ್ಲ, ಯಾವುದಕ್ಕೆ ಹೆದರಿ ಓಡಿಬಂದನೋ ಅದು ಆ ಮನೆಯಲ್ಲೇ ಇರುತ್ತದಲ್ಲ.

ಇಂಥ ಹುಡುಗರ ನೆರವಿಗೆಂದು ಕರೆಮಾಡಬಹುದಾದ ಮಕ್ಕಳ ಸಹಾಯವಾಣಿ 1098 ಹುಟ್ಟಿದ್ದೂ ಮುಂಬಯಿಯಲ್ಲೇ, 1996ರಲ್ಲಿ, ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ.

ನಮ್ಮೂರ ಕಡೆಯಿಂದ ಓಡಿಬರುವ ದಾರಿಯೂ ಈಗ ಸುಲಭ: 1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿ ತೆರೆಯಿತು. ಅದರ ಪ್ರಧಾನ ಕಚೇರಿ ನಮ್ಮ ಬೇಲಾಪುರ ಭವನದಲ್ಲಿದೆ. ಮಂಗಳೂರು, ಉಡುಪಿಯಲ್ಲಿ ರೈಲು ಹತ್ತಿದ ಹುಡುಗ ಈಗ ಮರುದಿನವೇ ಪನ್ವೇಲಿನಲ್ಲೋ ಠಾಣೆಯಲ್ಲೋ ಇಳಿಯುತ್ತಾನೆ. ಹಿಂದಿ, ಮರಾಠಿ ಬಾರದ ಅಂಥವನೊಡನೆ ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿ ಊರು-ಕೇರಿ ತಿಳಿದುಕೊಳ್ಳಬಲ್ಲವರು ಬೇಕು. ಬೇಲಾಪುರದ ಕನ್ನಡಿಗರಲ್ಲಿ ನಿವೃತ್ತ ಮೇಷ್ಟ್ರುಗಳಿಗೇನೂ ಬರವಿಲ್ಲ.